ಚಾಚಿದ ತೋಳು

ಅವ್ವ ನಮ್ಮ ಜೊತೆ ಪುಣೆಗೆ ಬಂದ ಮೇಲೆ ಮೂರು ತಿಂಗಳಿಗೊಮ್ಮೆ ಲ್ಯಾಬಿನ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ. ಕಳೆದ ಸಲ ಅವನು ಮೂರು ಟ್ಯೂಬು ಜೋಡಿಸಿದ್ದು ನೋಡಿ ಅವ್ವ ಗಾಬರಿಯಾದಳು. "ಇಷ್ಟ್ಯಾಕ ಬೇಕಂತ, ಕೇಳೋ." ನಾನು ಆಫೀಸಿನ ಕಾಲ್‌ನಲ್ಲಿದ್ದೆ. "ಇರ್ಲಿ ಬಿಡವ್ವ, ತೊಗೊಳ್ಳಿ" ಅಂದು, ಶುರು ಮಾಡು ಎಂದು ಅವನಿಗೆ ಕೈಸನ್ನೆ ಮಾಡಿದೆ. ಅವನು ಮಾಡಲಿಲ್ಲ. "ಕೈ ಅಮ್ಮನದಲ್ವಾ ಸರ್, ಅವರು ಹೂಂ ಅನ್ನಲಿ" ಎಂದು ಹಿಂದಿಯಲ್ಲಿ ಹೇಳಿ, ಒಂದೊಂದೇ ಟ್ಯೂಬು ಎತ್ತಿ ತೋರಿಸಿದ. ಬೂದು ಮುಚ್ಚಳದ್ದು ಸಕ್ಕರೆಗೆ, ನೇರಳೆ ಬಣ್ಣದ್ದು ಮೂರು ತಿಂಗಳ ಸರಾಸರಿಗೆ, ಹಳದಿ ಕಿಡ್ನಿಗೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ತೋಳು ಚಾಚಿದಳು. ರಕ್ತ ತೆಗೆದಾದ ಮೇಲೆ ಸೂಜಿಗೆ ಮತ್ತೆ ಕ್ಯಾಪು ಹಾಕದೆ ನೇರ ಬಿಳಿ ಡಬ್ಬಿಗೆ ಹಾಕಿದ. ಹೆಸರು, ವಯಸ್ಸು ಅವ್ವನ ಬಾಯಿಂದಲೇ ಹೇಳಿಸಿ ನಮ್ಮೆದುರೇ ಲೇಬಲ್ ಅಂಟಿಸಿದ.

ಅವನ ಆ ಮಾತು ನನಗೆ ಚುಚ್ಚಿದ್ದಕ್ಕೆ ಬೇರೆ ಕಾರಣವಿದೆ, ಕೊನೆಗೆ ಹೇಳುತ್ತೇನೆ. ಈ ರಕ್ತ ಯಾತಕ್ಕೆ ಎಂದು ಕೇಳುವ ಹಕ್ಕು ನಮ್ಮ ದೇಶದಲ್ಲಿ ಕಾನೂನಾಗಲು ಬಹಳ ಕಾಲ ಹಿಡಿಯಿತು. ಅದರ ಹಿಂದೆ ಕೆಲವರ ರಕ್ತದ ಕಥೆ ಇದೆ.

1986ರ ಮದರಾಸು. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಒಂದು ಕೆಲಸ ಒಪ್ಪಿಸಿದರು: ಏಡ್ಸ್ ಭಾರತಕ್ಕೆ ಬಂದಿದೆಯೇ ಎಂದು ಪತ್ತೆ ಹಚ್ಚುವುದು. ಪೊಲೀಸರು ಹಿಡಿದು ತಂದ ಲೈಂಗಿಕ ಕಾರ್ಯಕರ್ತೆಯರನ್ನು ಇಡುತ್ತಿದ್ದ ಸರ್ಕಾರಿ ರಿಮ್ಯಾಂಡ್ ಹೋಮಿಗೆ ನಿರ್ಮಲಾ ಹೋದರು. ಕೈಗವಸೂ ಇಲ್ಲದೆ ರಕ್ತ ತೆಗೆದರು, ಸ್ಯಾಂಪಲ್ಲುಗಳನ್ನು ಮನೆಯ ಫ್ರಿಜ್ಜಿನಲ್ಲಿಟ್ಟರು, ರಾತ್ರಿ ರೈಲಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಅಲ್ಲಿ ಆರು ಸ್ಯಾಂಪಲ್ಲುಗಳು ಹಳದಿಗೆ ತಿರುಗಿದವು. ಎಚ್‌ಐವಿ ಭಾರತದಲ್ಲಿದೆ ಎಂದು ಗೊತ್ತಾದದ್ದು ಹಾಗೆ. ದೊಡ್ಡ ಕೆಲಸವೇ, ಅನುಮಾನವಿಲ್ಲ. ದೇಶ ಎಚ್ಚೆತ್ತದ್ದು ಅದರಿಂದ. ಆದರೆ ಯಾವ ಪರೀಕ್ಷೆಗೆ ರಕ್ತ ಎಂದು ಆ ಹೆಂಗಸರಿಗೆ ಹೇಳಿರಲಿಲ್ಲ. ಇದನ್ನು ನಿರ್ಮಲಾ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಹೇಳದೇ ಹೋದದ್ದರ ಭಾರ ಮುಂದಿನ ವರ್ಷಗಳಲ್ಲಿ ಕಾಣುತ್ತದೆ. ಸೋಂಕು ಕಂಡುಬಂದ ಹೆಂಗಸರನ್ನು ಮದರಾಸಿನಲ್ಲಿ ಶಿಕ್ಷೆ ಮುಗಿದ ಮೇಲೂ ಹೊರಗೆ ಬಿಡದೆ ಕೂಡಿಹಾಕಿದ್ದರು. ಪತ್ರಕರ್ತೆ ಶ್ಯಾಮಲಾ ನಟರಾಜ್ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 1990ರಲ್ಲಿ ಅವರ ಬಿಡುಗಡೆಯಾಯಿತು.

ಅದಕ್ಕೂ ಒಂದು ವರ್ಷ ಮೊದಲು, ನಮ್ಮ ಕಾರವಾರದ ಪಕ್ಕದ ಗೋವಾದಲ್ಲಿ. ಡೊಮಿನಿಕ್ ಡಿಸೋಜ ಎಂಬ ಯುವಕ ಆಗಾಗ ರಕ್ತದಾನ ಮಾಡುತ್ತಿದ್ದ. 1989ರ ಫೆಬ್ರವರಿಯಲ್ಲಿ ಪೊಲೀಸರು ಅವನನ್ನು ಕರೆದೊಯ್ದು, ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ಕಟ್ಟಡವೊಂದರಲ್ಲಿ ಕಾವಲಿಟ್ಟರು. ಯಾಕೆಂದು ಅವನಿಗೆ ಯಾರೂ ಮೊದಲು ಹೇಳಲಿಲ್ಲ. ಅವನು ಕೊಟ್ಟ ರಕ್ತದಲ್ಲಿ ಎಚ್‌ಐವಿ ಕಂಡಿತ್ತು. ಗೋವಾದ ಆರೋಗ್ಯ ಕಾಯ್ದೆ ಅಂಥವರನ್ನು ಬೇರೆ ಇಡಲು ಅವಕಾಶ ಕೊಟ್ಟಿತ್ತು. ರಕ್ತನಿಧಿಯ ಫಲಿತಾಂಶ ಪೊಲೀಸರಿಗೆ ತಲುಪಿತ್ತು, ರಕ್ತ ಕೊಟ್ಟವನಿಗೆ ತಲುಪಿರಲಿಲ್ಲ. ತಾಯಿ ಲೂಸಿ ಡಿಸೋಜ, ವಕೀಲ ಆನಂದ್ ಗ್ರೋವರ್ ಮೂಲಕ ಬಾಂಬೆ ಹೈಕೋರ್ಟಿಗೆ ಹೋದರು. 64 ದಿನಗಳ ನಂತರ ಡೊಮಿನಿಕ್ ಹೊರಬಂದ. ಕೋರ್ಟು ಮಾತ್ರ ಅಂತಿಮ ತೀರ್ಪಿನಲ್ಲಿ ಕಾನೂನನ್ನೇ ಎತ್ತಿಹಿಡಿಯಿತು. ಅವನು ಕೆಲಸ ಬಿಡಬೇಕಾಯಿತು. ತನ್ನಂಥವರಿಗಾಗಿ 'ಪಾಸಿಟಿವ್ ಪೀಪಲ್' ಸಂಸ್ಥೆ ಕಟ್ಟಿ, 1992ರಲ್ಲಿ ತೀರಿಕೊಂಡ.

ಆಮೇಲೆ ಕಾನೂನು ನಿಧಾನವಾಗಿ ಬಂತು. 1996ರಲ್ಲಿ ಸುಪ್ರೀಂ ಕೋರ್ಟು ರಕ್ತ ಮಾರುವ ದಂಧೆಯನ್ನು ನಿಲ್ಲಿಸಲು ಆದೇಶಿಸಿ, 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಪಡೆಯುವುದಕ್ಕೆ ತೆರೆ ಎಳೆಯಿತು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ರೋಗ ಪತ್ತೆಗೆ ಕೊಟ್ಟ ಒಪ್ಪಿಗೆಯನ್ನೇ ಚಿಕಿತ್ಸೆಗೂ ಒಪ್ಪಿಗೆ ಎಂದು ಎಣಿಸುವಂತಿಲ್ಲ ಎಂದಿತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬಳಸಿದ ಸೂಜಿಗೆ ಆ ಬಿಳಿ ಡಬ್ಬಿಯನ್ನು ಕಡ್ಡಾಯ ಮಾಡಿದವು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ರಕ್ತನಿಧಿಯ ತಪಾಸಣೆ, ಹೆಸರಿಲ್ಲದ ಸಮೀಕ್ಷೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಫಲಿತಾಂಶವನ್ನು ಗುಟ್ಟಾಗಿಡುವುದೂ ಈಗ ಕಾನೂನಿನ ಹೊಣೆ. ಮದರಾಸಿನಲ್ಲಿ ರಕ್ತ ತೆಗೆದು 32 ವರ್ಷ ಕಳೆದಿತ್ತು.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ನಮ್ಮ ತಂಡದವರೆಲ್ಲ ಸಾಲಾಗಿ ನಿಂತು ರಕ್ತ ಕೊಟ್ಟರು. ವಾರದ ನಂತರ ಎಲ್ಲರ ಫಲಿತಾಂಶ ಒಂದೇ ಎಕ್ಸೆಲ್ ಹಾಳೆಯಲ್ಲಿ ನನಗೆ ಮೇಲ್ ಬಂತು. ಮುಚ್ಚಿಬಿಡಬೇಕಿತ್ತು, ಓದಿದೆ. ಒಬ್ಬ ಹುಡುಗನ ಸಕ್ಕರೆ ಬಹಳ ಹೆಚ್ಚಿತ್ತು. ಮುಂದಿನ ತಿಂಗಳು ಆನ್‌ಸೈಟ್‌ಗೆ ಯಾರು ಅನ್ನುವಾಗ ಬೇರೆಯವರ ಹೆಸರು ಬರೆದೆ. ಅಲ್ಲಿ ಅವನ ಆರೋಗ್ಯ ಕೆಟ್ಟರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರಾಜೆಕ್ಟಿನ ತಾರೀಖು ತಪ್ಪೀತೆಂಬ ಭಯವೂ ಇತ್ತು. ಅವನು ತೋಳು ಚಾಚಿದ್ದು ಸಕ್ಕರೆ ನೋಡಿಕೊಳ್ಳಲು. ನಾನು ಆ ರಕ್ತವನ್ನು ಬಡ್ತಿಯ ಲೆಕ್ಕಕ್ಕೆ ಬಳಸಿದೆ. ಕಾರಣ ಅವನಿಗೆ ಇಂದಿಗೂ ಗೊತ್ತಿಲ್ಲ.

ಈಗ ನಾನಿರುವ ಕಡೆ ಶಿಬಿರ ನಡೆದರೆ ವರದಿ ನೇರ ಆಯಾ ಉದ್ಯೋಗಿಗೆ ಮಾತ್ರ ಹೋಗಬೇಕೆಂದು ಬರೆಸಿದ್ದೇನೆ. ಆ ಹುಡುಗ ಹೈದರಾಬಾದಿನಲ್ಲಿದ್ದಾನೆ, ಅವನ ನಂಬರು ನನ್ನ ಬಳಿ ಇದೆ. ಅವ್ವನ ಮುಂದಿನ ಪರೀಕ್ಷೆ ಬರುವಷ್ಟರಲ್ಲಿ ಫೋನ್ ಮಾಡಿ ಹೇಳಬೇಕು.