ಮಂಡಿಗೆ ಬಾಗಿಲ ಕೀಲು ಸಾಲದು

ಕನ್ನಡದಲ್ಲಿ ಬಾಗಿಲಿಗೂ ಕೀಲು, ಮಂಡಿಗೂ ಕೀಲು. ಇದರಲ್ಲಿ ಅಚ್ಚರಿಯೇನಿಲ್ಲ. ಹೊರಗಿನಿಂದ ನೋಡುವವರಿಗೆ ಮಂಡಿಯೂ ಬಾಗಿಲಿನಂತೆಯೇ ಮಡಿಚಿ ಬಿಚ್ಚುತ್ತದೆ. ಇದೇ ತಿಳಿವಳಿಕೆಯನ್ನು ನಂಬಿಕೊಂಡು ಯುರೋಪಿನ ಶಸ್ತ್ರವೈದ್ಯರು ಕೃತಕ ಮಂಡಿ ಮಾಡಲು ಹೊರಟರು. ತಪ್ಪು ತಿದ್ದಿಕೊಳ್ಳಲು ಸುಮಾರು ಎಂಬತ್ತು ವರ್ಷ ಹಿಡಿಯಿತು.

1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್, ಕ್ಷಯದಿಂದ ಹಾಳಾದ ಮಂಡಿಗೆ ಆನೆದಂತದ ಕೀಲು ಕೂರಿಸಿದ. ಸೋಂಕು ಆ ಸಾಹಸವನ್ನು ಮುಗಿಸಿತು. 1951ರಲ್ಲಿ ಸ್ವೀಡನ್ನಿನ ವಾಲ್ಡಿಯಸ್, 1954ರಲ್ಲಿ ಇಂಗ್ಲೆಂಡಿನ ಶಿಯರ್ಸ್ ಮತ್ತೆ ಕೀಲುಗಳನ್ನೇ ತಂದರು. ರೋಗಿಗಳ ನೋವು ಇಳಿಯಿತು, ನಡೆದಾಡಿದರು. ಆದರೆ ಕೆಲವು ವರ್ಷಗಳಲ್ಲಿ ಎಷ್ಟೋ ಕೀಲುಗಳು ಎಲುಬಿನೊಳಗೆ ಸಡಿಲವಾದವು.

ಕಾರಣ ಲೋಹದ್ದಲ್ಲ, ಲೆಕ್ಕಾಚಾರದ್ದು. ಮಂಡಿ ಮಡಿಚುವಾಗ ತೊಡೆಯೆಲುಬು ಕೆಳಗಾಲಿನ ಎಲುಬಿನ ಮೇಲೆ ಉರುಳುತ್ತದೆ, ಜೊತೆಗೆ ಜಾರುತ್ತದೆ. ಕೆಳಗಾಲು ತುಸು ತಿರುಗುತ್ತದೆ ಕೂಡ. ಈ ಚಲನೆಗೆ ಲಗಾಮು ಹಾಕುವುದು ಎಲುಬಿಗೆ ಎಲುಬನ್ನು ಬಿಗಿಯುವ ನಾರಿನ ಪಟ್ಟಿಗಳು, ಅಂದರೆ ಅಸ್ಥಿರಜ್ಜುಗಳು. ಮುಖ್ಯವಾದವು ನಾಲ್ಕು: ಪಕ್ಕಗಳಲ್ಲಿ ಎರಡು, ಒಳಗೆ ಕತ್ತರಿಯಂತೆ ಒಂದನ್ನೊಂದು ದಾಟುವ ಎರಡು. ನಡೆಯುವಾಗ ಬರುವ ತಿರುಚುವಿಕೆಯನ್ನು ಬಹುಮಟ್ಟಿಗೆ ಇವೇ ತಡೆದುಕೊಳ್ಳುತ್ತವೆ. ಬಾಗಿಲ ಕೀಲಿಗೆ ತಿರುಚುವಿಕೆ ಒಗ್ಗದು. ಅದೆಲ್ಲ ನೇರವಾಗಿ ಎಲುಬಿನೊಳಗಿನ ಲೋಹದ ಕಂಬಿಗೆ ಬಡಿಯುತ್ತಿತ್ತು. ದಿನವೂ ಅಲ್ಲಾಡಿಸಿದ ಗೂಟ ನೆಲದಲ್ಲಿ ಗಟ್ಟಿ ನಿಂತೀತೆ?

ವಿಚಿತ್ರವೆಂದರೆ ಇದು ಮೊದಲೇ ಗೊತ್ತಿತ್ತು! ಜರ್ಮನಿಯ ವೇಬರ್ ಸಹೋದರರು ಮಂಡಿಯ ಉರುಳುವಿಕೆ, ಜಾರುವಿಕೆಗಳನ್ನು 1836ರಲ್ಲೇ ವರ್ಣಿಸಿದ್ದರು. (ಅವರಲ್ಲಿ ವಿಲ್‌ಹೆಲ್ಮ್ ವೇಬರನ ಹೆಸರು ಇಂದು ಕಾಂತಪ್ರವಾಹದ ಮಾನಕ್ಕಿದೆ.) ಗ್ರಂಥಾಲಯದಿಂದ ಶಸ್ತ್ರಚಿಕಿತ್ಸೆಯ ಕೋಣೆಗೆ ದಾರಿ ಅಷ್ಟು ದೂರ.

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಕೈಕೆಳಗಿದ್ದ ಕೆನಡಾದ ಫ್ರಾಂಕ್ ಗನ್‌ಸ್ಟನ್ 1968ರಲ್ಲಿ ಕೀಲಿನ ಕಲ್ಪನೆಯನ್ನೇ ಕೈಬಿಟ್ಟರು. ಲೋಹದ ಎರಡು ಅರ್ಧಚಕ್ರ, ಅವು ಓಡಾಡಲು ಪ್ಲಾಸ್ಟಿಕ್ಕಿನ ಎರಡು ತೋಡು, ಅಂಟಿಸಲು ಸಿಮೆಂಟು. ಅಸ್ಥಿರಜ್ಜುಗಳು ಇದ್ದಂತೆಯೇ ಉಳಿದವು. ಉತ್ತರ ದೊರೆತಂತೆ ಕಂಡಿತು.

ಆದರೆ ಸವೆದ ಮಂಡಿಯ ರಜ್ಜುಗಳು ಆರೋಗ್ಯವಾಗಿರುವುದಿಲ್ಲ. ಕಾಲು ಬಿಲ್ಲಿನಂತೆ ಬಾಗಿದವರಲ್ಲಿ ಒಳಮಗ್ಗುಲಿನದು ಬಿಗಿದು ಗಿಡ್ಡವಾಗಿರುತ್ತದೆ, ಹೊರಮಗ್ಗುಲಿನದು ಜೋಲಾಗಿರುತ್ತದೆ. ಲಂಡನ್ನಿನ ಮೈಕೆಲ್ ಫ್ರೀಮನ್ ಒಳಗಿನ ಎರಡನ್ನೂ ಕತ್ತರಿಸಿ, ಪಕ್ಕದ ಎರಡನ್ನು ಸಮ ಬಿಗಿತಕ್ಕೆ ತರುವ ದಾರಿ ಹಿಡಿದರು. ಎಲುಬು ಕೊಯ್ದ ಮೇಲೆ ಉಳಿಯುವ ಸಂದು ಕಾಲು ಚಾಚಿದಾಗಲೂ ಮಡಿಚಿದಾಗಲೂ ಒಂದೇ ಅಳತೆಯಲ್ಲಿರಬೇಕು. ಅದನ್ನು ಹಿಗ್ಗಿಸಿ ನೋಡಲು ಉಪಕರಣವನ್ನೂ ಬಳಕೆಗೆ ತಂದರು. ಮೃದಂಗದ ಶ್ರುತಿ ಹದ ಮಾಡುವವರಿಗೆ ಈ ಕೆಲಸ ಸುಲಭವಾಗಿ ಅರ್ಥವಾದೀತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ತಿರುವು ಇದೇ: ವೈದ್ಯರು ಎಲುಬು ಕೊಯ್ಯುವ ಬಡಗಿತನ ಬಿಟ್ಟು ರಜ್ಜುಗಳ ಮಾತು ಕೇಳತೊಡಗಿದರು.

1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್‌ಸಾಲ್, ಪೀಟರ್ ವಾಕರ್ ಮತ್ತು ಚಿತ್ತರಂಜನ್ ರಾಣಾವತ್ ರೂಪಿಸಿದ ಮಂಡಿ ಮುಂದಿನವಕ್ಕೆಲ್ಲ ಮಾದರಿಯಾಯಿತು. ಮಧ್ಯಪ್ರದೇಶ ಮೂಲದ ಈ ರಾಣಾವತ್ ಅವರೇ 2000ದ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಪ್ರಧಾನಿ ವಾಜಪೇಯಿ ಅವರ ಎಡ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿದವರು. ಆದರೆ ಆ ಮೊದಲ ಮಾದರಿಯಲ್ಲಿ ಹಿಂಬದಿಯ ರಜ್ಜು ಇಲ್ಲದ್ದರಿಂದ ತೊಡೆಯೆಲುಬು ಹಿಂದಕ್ಕೆ ಸರಿಯದೆ, ಕಾಲು ಸುಮಾರು 90 ಡಿಗ್ರಿಗೇ ನಿಲ್ಲುತ್ತಿತ್ತು. 1978ರಲ್ಲಿ ಇನ್‌ಸಾಲ್ ಮತ್ತು ಬರ್ಸ್ಟೀನ್ ಪ್ಲಾಸ್ಟಿಕ್ಕಿನ ನಡುವೆ ಒಂದು ಪುಟ್ಟ ಗೂಟ ನಿಲ್ಲಿಸಿದರು. ಕಾಲು ಮಡಿಚಿದಂತೆ ಲೋಹದ ಅಡ್ಡಪಟ್ಟಿ ಅದಕ್ಕೆ ತಾಗಿ, ತೊಡೆಯೆಲುಬನ್ನು ಹಿಂದಕ್ಕೆ ತಳ್ಳುತ್ತದೆ. ಕತ್ತರಿಸಿದ ರಜ್ಜುವಿನ ಚಾಕರಿ ಗೂಟದ ಪಾಲಿಗೆ ಬಂತು.

ಹಿಂಬದಿಯ ರಜ್ಜುವನ್ನು ಉಳಿಸಬೇಕೇ, ತೆಗೆಯಬೇಕೇ ಎಂಬ ವಾದ ಇನ್ನೂ ನಡೆದಿದೆ. ಎರಡೂ ಪಕ್ಷಗಳ ರೋಗಿಗಳು ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತಾರೆ. ಮುಂಬದಿಯದನ್ನಂತೂ ಇಂದಿಗೂ ಹೆಚ್ಚಿನ ಶಸ್ತ್ರಚಿಕಿತ್ಸೆಗಳಲ್ಲಿ ಕತ್ತರಿಸಲಾಗುತ್ತದೆ. ಕೆಲವರು ಹೊಸ ಮಂಡಿ ತಮ್ಮದೆನಿಸುವುದಿಲ್ಲ ಎನ್ನುತ್ತಾರೆ. ಚಕ್ಕಳಮಕ್ಕಳ ಹಾಕಿ ಉಣ್ಣುವ ನಮ್ಮವರ ದೂರು ಇನ್ನೂ ಒಂದಿದೆ, ಕಾಲು ಅಷ್ಟು ಮಡಿಚುವುದಿಲ್ಲವೆಂದು. ಬಿಗಿತ ಅಳೆಯುವ ಸೂಕ್ಷ್ಮ ಸಾಧನಗಳೂ ರೋಬಾಟುಗಳೂ ಬಂದಿವೆ. ಆದರೂ ಹೊಲಿಗೆ ಹಾಕುವ ಮುನ್ನ ಶಸ್ತ್ರವೈದ್ಯರು ರೋಗಿಯ ಪಾದ ಹಿಡಿದು, ಕಾಲನ್ನು ಅತ್ತಿತ್ತ ಎಳೆದು, ಮಂಡಿ ಎಷ್ಟು ಬಾಯಿ ಬಿಡುತ್ತದೆಂದು ಕೈಯಿಂದಲೇ ನೋಡುತ್ತಾರೆ.