ಹೂಕನೂ ಸುರುಳಿಯ ನಿಯಮವೂ

ಲೋಹದ ಸುರುಳಿಯೊಂದನ್ನು ಮೊಳೆಗೆ ತೂಗಹಾಕಿ, ಅದರ ಕೆಳತುದಿಗೆ ತಟ್ಟೆಯೊಂದನ್ನು ಕಟ್ಟಿ, ತೂಕಗಳನ್ನು ಒಂದೊಂದಾಗಿ ಇಡುತ್ತ ಅದು ಎಷ್ಟೆಷ್ಟು ನೀಳುವುದೆಂದು ಅಳೆಯುವುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಪ್ರಯೋಗವು. ಇಮ್ಮಡಿ ತೂಕಕ್ಕೆ ಇಮ್ಮಡಿ ನೀಳಿಕೆ, ಮುಮ್ಮಡಿ ತೂಕಕ್ಕೆ ಮುಮ್ಮಡಿ ನೀಳಿಕೆ. ತೂಕವನ್ನು ನೀಳಿಕೆಯಿಂದ ಭಾಗಿಸಿ ಬಂದ ಲಬ್ಧವೇ ಆ ಸುರುಳಿಯ ಬಿಗುಪಿನ ಅಳತೆ. ಇಷ್ಟು ಸರಳವಾದ ನಿಯಮದ ಬೆನ್ನಿಗೆ ಒಂದು ಕಲಹದ ಕಥೆಯಿರುವುದನ್ನು ಬಲ್ಲವರು ವಿರಳ.

ಈ ನಿಯಮವನ್ನು ಕಂಡವನು ಆಂಗ್ಲ ವಿದ್ವಾಂಸನಾದ ರಾಬರ್ಟ್ ಹೂಕನು (1635–1703). ಈತನು 1662ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪ್ರಯೋಗಾಧಿಕಾರಿಯಾದನು. ಸಭೆಯ ಮುಂದೆ ಹೊಸ ಹೊಸ ಪ್ರಯೋಗಗಳನ್ನು ತೋರಿಸುವುದೇ ಅವನ ಉದ್ಯೋಗವಾಗಿತ್ತು. ಆದರೆ ಸುಮಾರು 1660ರಲ್ಲಿಯೇ ತಾನು ಕಂಡುಕೊಂಡಿದ್ದ ಈ ನಿಯಮವನ್ನು ಮಾತ್ರ ಅವನು ಬಚ್ಚಿಟ್ಟನು. ಅದಕ್ಕೆ ಕಾರಣವಿಲ್ಲದಿಲ್ಲ. ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರವು ಸರಿಯಾಗಿ ನಡೆಯದು. ಸುರುಳಿಯ ಬಲದಿಂದ ನಡೆಯುವ ಗಡಿಯಾರವು ಸಿದ್ಧವಾದರೆ ಸಮುದ್ರದಲ್ಲಿ ರೇಖಾಂಶವನ್ನು ತಿಳಿಯಬಹುದು, ಧನವೂ ಕೀರ್ತಿಯೂ ದೊರೆಯಬಹುದು. ಕೆಲವರು ಗಣ್ಯರು ಅವನಿಗೆ ಸಹಾಯಮಾಡಲು ಮುಂದೆ ಬಂದರು. ಆದರೆ ಮುಂದೆ ಇದನ್ನು ಉತ್ತಮಪಡಿಸುವ ಇತರರಿಗೂ ಲಾಭವು ಸಲ್ಲಬೇಕೆಂಬ ನಿಬಂಧನೆಯನ್ನು ಹೂಕನು ಒಪ್ಪದೆ ಹೋದುದರಿಂದ ಆ ಒಪ್ಪಂದವು ಮುರಿದುಬಿದ್ದಿತು.

1675ರಲ್ಲಿ ಹಾಲೆಂಡಿನ ಪಂಡಿತನಾದ ಹೈಗೆನ್ಸನು ಸುರುಳಿಯ ಗಡಿಯಾರವನ್ನು ಲೋಕಕ್ಕೆ ಸಾರಿದನು. ಹೂಕನು ಕೆರಳಿದನು, ಸೊಸೈಟಿಯ ಕಾರ್ಯದರ್ಶಿಯಾದ ಓಲ್ಡನ್‌ಬರ್ಗನೇ ತನ್ನ ಗುಟ್ಟನ್ನು ಹೊರಗೆಡಹಿದನೆಂದು ದೂರಿದನು. ಮರುವರ್ಷ, ಎಂದರೆ 1676ರಲ್ಲಿ, ಅವನು ತನ್ನ ನಿಯಮವನ್ನು ಹದಿನಾಲ್ಕು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಅಚ್ಚುಮಾಡಿಸಿದನು. ನಮ್ಮ ಪ್ರಹೇಲಿಕೆಗಳು ವಿದ್ವದ್ಗೋಷ್ಠಿಯ ವಿನೋದಕ್ಕಾಗಿ ಹುಟ್ಟಿದವು. ಈ ಒಗಟಾದರೋ ಸ್ವಾಮ್ಯದ ರಕ್ಷಣೆಗಾಗಿ ಹುಟ್ಟಿದ ಬೀಗವು. 1678ರಲ್ಲಿ ಅವನೇ ಆ ಬೀಗವನ್ನು ತೆರೆದನು: ನೀಳಿಕೆಯಿದ್ದಂತೆ ಬಲವು. ತಂತಿಯ ಸುರುಳಿ, ಗಡಿಯಾರದ ಸುರುಳಿ, ನೇರವಾದ ತಂತಿ, ಒಣಗಿದ ಮರ, ಇವೆಲ್ಲವುಗಳ ಪರೀಕ್ಷಾಕ್ರಮವನ್ನು ಯಾರು ಬೇಕಾದರೂ ಮಾಡಿನೋಡುವಂತೆ ವಿವರಿಸಿದನು.

2006ರಲ್ಲಿ ಹೂಕನ ಕೈಬರಹದ ಕಡತವೊಂದು ಬೆಳಕಿಗೆ ಬಂದಿತು. 1670ರ ಜೂನ್ 23ರಂದು ಅವನು ಸಭೆಯಲ್ಲಿ ಗಡಿಯಾರವೊಂದನ್ನು ತೋರಿಸಿದನೆಂಬ ಟಿಪ್ಪಣಿಯು ಅದರಲ್ಲಿದ್ದು, ಅವನ ವಾದಕ್ಕೆ ಬಲವನ್ನು ಕೊಡುತ್ತದೆ. ಎಂದರೆ, ಅವನ ನೆರವಿಗೆ ಬಂದುದು ಬಚ್ಚಿಟ್ಟ ವಿದ್ಯೆಯಲ್ಲ, ಸಭೆಯಲ್ಲಿ ತೋರಿದ ವಿದ್ಯೆಯೇ. ಗುಟ್ಟು ಅವನಿಗೆ ಕಲಹವನ್ನು ತಂದಿತು. ಬಿಚ್ಚಿ ಹೇಳಿದ ನಿಯಮವು ಅವನ ಹೆಸರನ್ನು ಇಂದಿಗೂ ಉಳಿಸಿದೆ. ಕೊಟ್ಟಷ್ಟೂ ಬೆಳೆಯುವ ಧನವು ವಿದ್ಯೆಯೊಂದೇ ಎಂಬ ಹಿರಿಯರ ನುಡಿಗೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.