ರಾಜ್ಯಕ್ಕಿಂತ ಮೊದಲು ಒಂದಾದ ಸಭೆ

ಇಂದು ಚಾಮರಾಜನಗರ ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲಿರುವ ಕೊಳ್ಳೇಗಾಲ, ಹನೂರು, ಯಳಂದೂರುಗಳು 1956ರವರೆಗೆ ಬೇರೆ ಬೇರೆ ರಾಜ್ಯಗಳಲ್ಲಿದ್ದವು. ಹನೂರನ್ನು ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮೈಸೂರಿಗೆ. ಪ್ರೊಟೆಸ್ಟೆಂಟ್ ಮಿಷನ್ನುಗಳ ಕೆಲಸವೂ ಹೀಗೆಯೇ ಹಂಚಿಹೋಗಿತ್ತು. ಕೊಯಮತ್ತೂರಿನಲ್ಲಿ 1830ರಿಂದ ಲಂಡನ್ ಮಿಷನ್, ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್. ಮೈಸೂರಿನ ಜನ ಈಗಲೂ 'ಮಿಷನ್ ಆಸ್ಪತ್ರೆ' ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು 1906ರಲ್ಲಿ ತೆರೆದವರು ವೆಸ್ಲಿಯನ್ನರೇ.

1908ರಲ್ಲಿ ಲಂಡನ್ ಮಿಷನ್ನಿನ ಸಭೆಗಳು ಪ್ರೆಸ್ಬಿಟೇರಿಯನ್ ಸಭೆಗಳೊಂದಿಗೆ ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾದವು. ಸಭಾಪಾಲಕರೂ ಆಯ್ಕೆಯಾದ ಹಿರಿಯರೂ ಒಟ್ಟಿಗೆ ಕೂತು ತೀರ್ಮಾನಿಸುವುದು ಪ್ರೆಸ್ಬಿಟೇರಿಯನ್ ಪದ್ಧತಿ. ಊರ ಹಿರಿಯರ ಮಾತಿಗೆ ಬೆಲೆ ಕೊಡುತ್ತಿದ್ದ ಹಳ್ಳಿಗರಿಗೆ ಅದು ಅಪರಿಚಿತವಾಗಿರಲಿಲ್ಲ.

1947ರ ಸೆಪ್ಟೆಂಬರ್ 27ರಂದು ಈ ಐಕ್ಯ ಸಭೆಯೊಂದಿಗೆ ಆಂಗ್ಲಿಕನ್ನರೂ ವೆಸ್ಲಿಯನ್ನರನ್ನೊಳಗೊಂಡ ಮೆಥೊಡಿಸ್ಟರೂ ಜೊತೆಗೂಡಿ ದಕ್ಷಿಣ ಭಾರತ ಸಭೆ ಮದ್ರಾಸಿನಲ್ಲಿ ಉದಯಿಸಿತು. ಭಾಷಾವಾರು ಪ್ರಾಂತ್ಯ ರಚನೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿದ್ದು ಅದಾದ ಒಂಬತ್ತು ವರ್ಷಗಳ ಮೇಲೆ. ರಾಜಕೀಯ ಗಡಿ ಅಳಿಯುವ ಮೊದಲೇ ಆದ ಈ ಕೂಡುವಿಕೆ ಗಡಿನಾಡಿನ ಚರಿತ್ರೆಯಲ್ಲಿ ಹೆಮ್ಮೆಯ ಅಧ್ಯಾಯ.

ಈ ಭಾಗದ ಕ್ರೈಸ್ತ ಮನೆಗಳಲ್ಲಿ ಹಳೆಯ ದೀಕ್ಷಾಸ್ನಾನ ಪತ್ರ, ಮದುವೆಯ ದಾಖಲೆ, ಕೀರ್ತನೆ ಪುಸ್ತಕಗಳಿದ್ದರೆ, ಈ ಚರಿತ್ರೆಯ ಗುರುತುಗಳೆಂದು ದಯವಿಟ್ಟು ಜೋಪಾನವಾಗಿಡಿ.